ತಾತನ ಯುದ್ಧದ ಫೋಟೋ: ಲಾರಿ ಮೇಲಿನ ಗುರುತು, ಎದೆ ಮೇಲಿನ ರಿಬ್ಬನ್ ನೋಡಿ ಯಾವ ವರ್ಷದ್ದು ಅಂತ ಹೇಳೋಕಾಗತ್ತಾ?

ಹೇಮಾವತಿ_ದಂಡೆ

ಎಲ್ರಿಗೂ ನಮಸ್ಕಾರ. ನಮ್ಮ ತಾತ, ಅಂದ್ರೆ ಅಮ್ಮನ ಅಪ್ಪ, ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ರು (ಸೈನ್ಯದ ಇಂಜಿನಿಯರ್ ದಳ), ಹಲಸೂರು ಕೆರೆ ಹತ್ರ ಟ್ರೈನಿಂಗ್ ಆಗಿ ಅಲ್ಲಿಂದ ಯುದ್ಧಕ್ಕೆ ಹೋದವರು. ಅವರು ತೀರ್ಕೊಂಡು ತುಂಬಾ ವರ್ಷ ಆಯ್ತು, ಈಗ ಮನೇಲಿ ಉಳಿದಿರೋದು ಒಂದೇ ಒಂದು ಯುದ್ಧದ ಫೋಟೋ. ಹಿಂದುಗಡೆ ಪೆನ್ಸಿಲ್ಲಲ್ಲಿ ಬರ್ಮಾ 1942 ಅಂತಿದೆ, ಆದ್ರೆ ಅದು ತಾತನ ಅಕ್ಷರ ಅಲ್ಲ, ದೊಡ್ಡಮಾವ ಯಾವಾಗ್ಲೋ ಬರೆದಿರಬೇಕು ಅಂತಾರೆ ಅಮ್ಮ. ಮನೆತನದ ಬಗ್ಗೆ ಒಂದು ಚಿಕ್ಕ ಪುಸ್ತಕ ಮಾಡ್ತಿದೀವಿ, ಅದ್ರಲ್ಲಿ ಈ ಫೋಟೋ ಕೆಳಗೆ ತಪ್ಪು ವರ್ಷ ಹಾಕೋಕೆ ಮನಸ್ಸಿಲ್ಲ.

ಫೋಟೋದಲ್ಲಿ ಏನಿದೆ ಅಂದ್ರೆ, ಒಂದು ಮಿಲಿಟರಿ ಲಾರಿ ಮುಂದೆ ನಾಲ್ಕು ಜನ ನಿಂತಿದಾರೆ, ಎಡದಿಂದ ಎರಡನೆಯವರು ತಾತ. ತಲೆ ಮೇಲೆ ಅಗಲ ಅಂಚಿನ ಹ್ಯಾಟು, ಒಂದು ಕಡೆ ಮೇಲಕ್ಕೆ ಮಡಚಿದೆ. ಎಡ ಎದೆ ಜೇಬಿನ ಮೇಲೆ ಎರಡು ಚಿಕ್ಕ ರಿಬ್ಬನ್ ಪಟ್ಟಿ. ಲಾರಿಯ ಒಂದು ಮಡ್‌ಗಾರ್ಡ್ ಮೇಲೆ ಕಪ್ಪು ಚೌಕದೊಳಗೆ ಕತ್ತಿ ಹಿಡಿದ ಕೈ ಥರ ಏನೋ ಚಿತ್ರ, ಇನ್ನೊಂದು ಮಡ್‌ಗಾರ್ಡ್ ಮೇಲೆ ಬರೀ ಖಾಲಿ ಬಿಳೀ ಚೌಕ. ಹಿಂದೆ ಮಹಡಿ ಮನೆ, ಬಾಲ್ಕನಿ, ಕೆಳಗೆ ಅಂಗಡಿ ಬೋರ್ಡು ಅರ್ಧ ಕಾಣ್ತಿದೆ. ಬಲಗಡೆ ಅಂಚಿನಲ್ಲಿ ಅರ್ಧ ಕತ್ತರಿಸಿ ಹೋಗಿರೋ ಇನ್ನೊಬ್ಬ ಮನುಷ್ಯ ಇದಾನೆ. ಫೋನಲ್ಲಿ ತೆಗೆದು ಹಾಕಿದೀನಿ, ಕ್ಷಮಿಸಿ, ಸ್ಕ್ಯಾನ್ ನಾಳೆ ಮಾಡಿಸ್ತೀನಿ.

ಮಲ್ಲೇಶ್ವರಂ_8ನೇಕ್ರಾಸ್

ಮೇಡಂ, 1942 ಬರ್ಮಾ ಅಂದ್ರೆ ಅದು ಹಿಂದಕ್ಕೆ ಬಂದ ವರ್ಷ. ಮೇ ತಿಂಗಳಲ್ಲಿ ಚಿಂದ್ವಿನ್ ನದಿ ದಡದ ಶ್ವೇಗ್ಯಿನ್‌ನಲ್ಲಿ ಗಾಡಿ, ಟ್ಯಾಂಕ್ ಎಲ್ಲಾ ಬಿಟ್ಟು, ಒಡೆದು ಹಾಕಿ, ಜನ ಕಾಡಲ್ಲಿ ನಡ್ಕೊಂಡು ಮಳೇಲಿ ನೆನ್ಕೊಂಡು ಇಂಡಿಯಾಗೆ ಬಂದ್ರು. ಈ ಫೋಟೋದಲ್ಲಿ ಇಸ್ತ್ರಿ ಮಾಡಿದ ಬಟ್ಟೆ, ಹೊಳೆಯೋ ಬೂಟು, ಮುಖದಲ್ಲಿ ಒಂಚೂರು ನಗು ಕೂಡ ಇದೆ. ನಂಗಂತೂ 42 ಅನ್ಸಲ್ಲ. ಸೈನ್ಯದ ಒಂದೊಂದು ಡಿವಿಷನ್‌ಗೂ, ಅಂದ್ರೆ ದೊಡ್ಡ ತುಕಡಿಗೂ, ಅದರದ್ದೇ ಒಂದು ಗುರುತಿತ್ತು. ಕತ್ತಿ ಹಿಡಿದ ಕೈ ಅಂದ್ರೆ 19ನೇ ಡಿವಿಷನ್ ಇರ್ಬೇಕು, ಡ್ಯಾಗರ್ ಡಿವಿಷನ್ ಅಂತ ಕರೀತಿದ್ರು, 1945 ಮಾರ್ಚ್‌ನಲ್ಲಿ ಮಾಂಡಲೆ ಹಿಡಿದೋರು. ಅಲ್ಲಿಗೆ ಮಾಂಡಲೆ 1945 ಅಂತ ಬರ್ಕೊಳ್ಳಿ.

ಗಾಡಿ_ಗುರುತು

ಸ್ವಲ್ಪ ನಿಧಾನ ಮಾಡೋಣ ಸರ್, ಇಷ್ಟು ಒಳ್ಳೆ ಫೋಟೋ ಅಪರೂಪ, ಒಂದೊಂದಾಗಿ ನೋಡೋಣ.

ಮೊದಲು ಲಾರಿ. ಇದು ಕೆನಡಾದಲ್ಲಿ ಫೋರ್ಡ್, ಷೆವರ್ಲೆ ಎರಡೂ ಕಂಪನಿ ಒಂದೇ ನಮೂನೆಯಲ್ಲಿ ಮಾಡಿದ ಮಿಲಿಟರಿ ಲಾರಿ, ಯುದ್ಧದಲ್ಲಿ 4 ಲಕ್ಷಕ್ಕೂ ಹೆಚ್ಚು ತಯಾರಾದವು, ನಮ್ಮ ಸೈನ್ಯಕ್ಕೂ ರಾಶಿ ರಾಶಿ ಬಂದವು. ಮೊಂಡು ಮೂಗು, ಅಗಲ ಜಾಲರಿ, ನೋಡಿದ ತಕ್ಷಣ ಗೊತ್ತಾಗತ್ತೆ. ಇದ್ರಲ್ಲಿ ವರ್ಷ ಹೇಳೋದು ಮುಂದಿನ ಗಾಜು. ಮೊದಮೊದಲು ಬಂದ ಕ್ಯಾಬಿನ್‌ಗಳಲ್ಲಿ ಗಾಜು ನೆಟ್ಟಗೆ ನಿಂತಿರತ್ತೆ. 1941ರ ಕೊನೆಗೆ ಬಂದ 13ನೇ ನಂಬರ್ ಕ್ಯಾಬಿನ್‌ನಲ್ಲಿ ಗಾಜಿನ ಮೇಲಿನ ಅಂಚು ಮುಂದಕ್ಕೆ ಬಾಗಿರತ್ತೆ, ಸಾಮಾನ್ಯ ಲಾರಿಗೆ ಪೂರ್ತಿ ಉಲ್ಟಾ. ಬಿಸಿಲಿಗೆ ಗಾಜು ಮಿಂಚಿ ಮೇಲಿನ ವಿಮಾನಕ್ಕೆ ಕಾಣಬಾರದು ಅಂತ ಹಾಗೆ ಮಾಡಿದ್ರು. ನಿಮ್ಮ ಫೋಟೋದಲ್ಲಿ ತಾತನ ಭುಜದ ಹಿಂದೆ ಬಾಗಿಲ ಮುಂಭಾಗದ ಗೆರೆ ನೋಡಿ, ಓರೆಯಾಗಿ ಮುಂದಕ್ಕೆ ಹೋಗಿದೆ. ಅಂದ್ರೆ 13ನೇ ಕ್ಯಾಬಿನ್. 1941ರ ಕೊನೆಗೆ ಕೆನಡಾದಲ್ಲಿ ತಯಾರಾಗಿ, ಹಡಗು ಹತ್ತಿ, ಇಲ್ಲಿ ಇಳಿದು, ಯೂನಿಟ್ಟಿಗೆ ಸೇರೋಷ್ಟ್ರಲ್ಲಿ 42 ಮೇ ಒಳಗೆ ಬರ್ಮಾದಲ್ಲಿ ಇರೋದು ಬಹಳ ಕಷ್ಟ.

ಆದ್ರೆ ಲಾರಿ ಹೇಳೋದು ಇದಕ್ಕಿಂತ ಮುಂಚೆ ಅಲ್ಲ ಅನ್ನೋದನ್ನ ಮಾತ್ರ. ಇದೇ ಲಾರಿಗಳು ಸ್ವಾತಂತ್ರ್ಯ ಬಂದ ಮೇಲೂ ನಮ್ಮ ಸೈನ್ಯದಲ್ಲಿ ಓಡಾಡ್ತಿದ್ವು. ಫೋಟೋದಲ್ಲಿರೋ ಎಲ್ಲಕ್ಕಿಂತ ಹೊಸಾ ವಸ್ತು ಯಾವುದು ಅಂತ ಹುಡುಕಬೇಕು, ಅದೇ ವರ್ಷ ತೀರ್ಮಾನ ಮಾಡೋದು. ಹಳೇ ಬಂದೂಕು, ಹಳೇ ಬೆಲ್ಟು ಎಷ್ಟಿದ್ರೂ ಅದ್ರಿಂದ ವರ್ಷ ಸಿಗಲ್ಲ, ಯಾಕಂದ್ರೆ ಹಳೇದನ್ನ ಸೈನ್ಯದೋರು ಹರಿಯೋವರೆಗೂ ಬಳಸ್ತಾರೆ.

ಇನ್ನು ಕತ್ತಿ. 19ನೇ ಡಿವಿಷನ್ನಿನದು ನೆಟ್ಟಗಿನ ಡ್ಯಾಗರು, ಹಳದಿ ಬಣ್ಣ, ಹಿನ್ನೆಲೆ ಕೆಂಪು. ಇಲ್ಲಿರೋ ಕತ್ತಿ ಬಾಗಿದೆಯಾ ನೆಟ್ಟಗಿದೆಯಾ ಅಂತ ದೊಡ್ಡದು ಮಾಡಿ ನೋಡ್ಬೇಕು. ಬಾಗಿದ್ರೆ ಕಥೆ ಬೇರೆ. ಮೇಡಂ, ಸ್ಕ್ಯಾನ್ ಮಾಡ್ಸುವಾಗ ಕನಿಷ್ಠ 1200 ಡಿಪಿಐ ಕೇಳಿ, ಹಿಂದುಗಡೆನೂ ಮಾಡ್ಸಿ.

ಹೇಮಾವತಿ_ದಂಡೆ

ಸ್ಕ್ಯಾನ್ ಆಯ್ತು ಸರ್. ಮಡ್‌ಗಾರ್ಡ್ ಭಾಗ ಮಾತ್ರ ಕತ್ತರಿಸಿ ಹಾಕಿದೀನಿ. ಕತ್ತಿ ಬಾಗಿದೆ, ತುದಿ ಮೇಲಕ್ಕೆ. ಮುಷ್ಟಿ ಸ್ಪಷ್ಟ ಕಾಣ್ತಿದೆ. ತಾತನ ತೋಳಿನ ಮೇಲೂ ಇದೇ ಚಿತ್ರದ ಸಣ್ಣ ಬಟ್ಟೆ ತುಂಡು ಹೊಲಿದಿದೆ, ಇಷ್ಟು ದಿನ ಅದನ್ನ ಯಾರೂ ಗಮನಿಸಿರ್ಲಿಲ್ಲ! ಬಿಳೀ ಚೌಕ ಎಷ್ಟು ದೊಡ್ಡದು ಮಾಡಿದ್ರೂ ಖಾಲಿನೇ. ಸೆನ್ಸಾರ್‌ನೋರು ಅಳಿಸಿದಾರಾ?

ಗಾಡಿ_ಗುರುತು

ಬಾಗಿದ ಕತ್ತಿ ಹಿಡಿದ ಬಿಳೀ ಮುಷ್ಟಿ, ಕಪ್ಪು ಹಿನ್ನೆಲೆ, ಅಂದ್ರೆ 20ನೇ ಇಂಡಿಯನ್ ಡಿವಿಷನ್. ಇದು ನಮ್ಮೂರಿಗೆ ಸಂಬಂಧ ಇರೋದು: 1942 ಏಪ್ರಿಲ್ 1ಕ್ಕೆ ಈ ಡಿವಿಷನ್ ಹುಟ್ಟಿದ್ದೇ ಬೆಂಗಳೂರಲ್ಲಿ, ಮೇಜರ್ ಜನರಲ್ ಡಗ್ಲಸ್ ಗ್ರೇಸಿ ಕೈಕೆಳಗೆ. ಆಮೇಲೆ ಸಿಲೋನಿಗೆ ಹೋಯ್ತು, 1943ರ ಕೊನೆಗೆ ಇಂಫಾಲ್ ಕಡೆಗೆ ಬಂತು, 44ರಲ್ಲಿ ತಮು ರಸ್ತೆ, ಶೆನಮ್ ಬೆಟ್ಟಗಳಲ್ಲಿ ತಿಂಗಳುಗಟ್ಟಲೆ ಜಪಾನಿನೋರನ್ನ ತಡೆದು ನಿಲ್ಲಿಸ್ತು, 45 ಫೆಬ್ರವರಿಲಿ ಮ್ಯಿನ್ಮು ಹತ್ರ ಐರಾವತಿ ದಾಟ್ತು. ಆ ನದಿ ದಾಟಿಸೋ ಕೆಲಸ ಸ್ಯಾಪರ್‌ಗಳದ್ದೇ, ಅಷ್ಟು ಅಗಲದ ನದೀನ ಎದುರು ದಡದಲ್ಲಿ ಶತ್ರು ಕೂತಿರುವಾಗ ರಾತ್ರಿ ಹೊತ್ತು ದಾಟಿಸೋದು ಅಂದ್ರೆ ಎಂಥಾ ಧೈರ್ಯ ಬೇಕು ಯೋಚನೆ ಮಾಡಿ.

ಇದ್ರಿಂದ ಬರ್ಮಾ 1942 ಪೂರ್ತಿ ಬಿದ್ದೋಯ್ತು, ಯಾಕಂದ್ರೆ 42ರಲ್ಲಿ ಈ ಡಿವಿಷನ್ ಬರ್ಮಾ ಕಡೆ ತಲೆನೇ ಹಾಕಿಲ್ಲ. ತೋಳಿನ ಮೇಲಿನ ಗುರುತೂ ಮುಖ್ಯ. ಕಾಡಲ್ಲಿ ಯುದ್ಧ ನಡೀವಾಗ ಇಂಥದ್ದನ್ನ ಸಾಮಾನ್ಯವಾಗಿ ತೆಗೆದಿಡ್ತಿದ್ರು, ಸಿಕ್ಕಿಬಿದ್ರೆ ಯಾವ ಡಿವಿಷನ್ ಅಂತ ಶತ್ರುಗೆ ಗೊತ್ತಾಗಬಾರದಲ್ಲ. ಯುದ್ಧ ಮುಗಿದ ಮೇಲೆ ಹೆಮ್ಮೆಯಿಂದ ಹೊಲಿಸ್ಕೊಂಡ್ರು.

ಬಿಳೀ ಚೌಕ ಸೆನ್ಸಾರ್ ಮಾಡಿದ್ದು ಅನ್ಸಲ್ಲ. ಸೆನ್ಸಾರ್‌ನೋರು ಅಳಿಸೋದಿದ್ರೆ ಮೊದಲು ಕತ್ತಿಯ ಚಿತ್ರವನ್ನೇ ಅಳಿಸ್ತಿದ್ರು.

ಡಾರ್ಕ್_ರೂಮ್

ಶಿವಮೊಗ್ಗದಲ್ಲಿ ನಮ್ಮ ತಂದೆ ಕಾಲದಿಂದ ಸ್ಟುಡಿಯೋ ಇತ್ತು, ಹಾಗಾಗಿ ಇದಕ್ಕೆ ನಾನು ಬರೀತೀನಿ. ಆ ಚೌಕ ಬಿಳಿ ಅಲ್ಲಮ್ಮ, ನೀಲಿ.

ಆ ಕಾಲದ ಕಪ್ಪು ಬಿಳುಪು ಫಿಲಂ ಎಲ್ಲಾ ಒಂದೇ ಥರ ಅಲ್ಲ. ಪ್ಯಾನ್ ಫಿಲಂ ಎಲ್ಲಾ ಬಣ್ಣಕ್ಕೂ ಹೆಚ್ಚುಕಮ್ಮಿ ಕಣ್ಣಿಗೆ ಕಂಡಷ್ಟೇ ಬೂದು ಕೊಡ್ತಿತ್ತು. ಆರ್ಥೋ ಫಿಲಂಗೆ ಕೆಂಪು ಕಾಣ್ತಾನೇ ಇರ್ಲಿಲ್ಲ, ಕೆಂಪು ಅಂದ್ರೆ ಕಪ್ಪು, ನೀಲಿ ಅಂದ್ರೆ ಬೆಳ್ಳಗೆ. ಸಾಮಾನ್ಯ ಜನ ಬಾಕ್ಸ್ ಕ್ಯಾಮೆರಾಗೆ ಹಾಕ್ತಿದ್ದ ಕೊಡಾಕ್ ವೆರಿಕ್ರೋಮ್ ರೋಲು ಆರ್ಥೋನೇ, 1956ರಲ್ಲಿ ಅದ್ರ ಜಾಗಕ್ಕೆ ವೆರಿಕ್ರೋಮ್ ಪ್ಯಾನ್ ಬರೋವರೆಗೂ ಅದೇ ಓಡ್ತಿತ್ತು. ನಿಮ್ಮ ಫೋಟೋದಲ್ಲಿ ಆಕಾಶ ಸುಣ್ಣ ಬಳಿದಂಗೆ ಬೆಳ್ಳಗಿದೆ, ಒಂದು ಮೋಡಾನೂ ಇಲ್ಲ, ನಾಲ್ಕೂ ಜನರ ತುಟಿ ಮುಖಕ್ಕಿಂತ ಕಪ್ಪಗಿದೆ. ಆರ್ಥೋ ಅನ್ನೋದ್ರಲ್ಲಿ ನಂಗೆ ಸಂಶಯ ಇಲ್ಲ.

ಈಗ ಗಾಡಿ ಸಾಹೇಬ್ರು ಹೇಳ್ಲಿ, ಯಾವ ದಳಕ್ಕೆ ನೀಲಿ ಚೌಕ?

ಗಾಡಿ_ಗುರುತು

ಅದ್ಭುತ ಸರ್! ಆ ಚೌಕದ ಬಣ್ಣ ಗಾಡಿ ಯಾವ ದಳದ್ದು ಅಂತ ಹೇಳತ್ತೆ. ನೀಲಿ ಚೌಕದ ಮೇಲೆ ಬಿಳೀ ನಂಬರು ಇಂಜಿನಿಯರ್ಸ್‌ದು, ಅಂದ್ರೆ ಸ್ಯಾಪರ್ಸ್. ನೀಲಿ ಬಿಳಿ ಆಗಿ, ಬಿಳೀ ನಂಬರು ಅದ್ರೊಳಗೆ ಮುಳುಗೋಯ್ತು.

ಬೇರೆಯವರದ್ದು ಯಾಕಲ್ಲ ಅಂತಾನೂ ಹೇಳ್ಬಿಡ್ತೀನಿ. ಫಿರಂಗಿ ದಳದ್ದು ಮೇಲೆ ಕೆಂಪು ಕೆಳಗೆ ನೀಲಿ, ಆರ್ಥೋದಲ್ಲಿ ಮೇಲೆ ಕಪ್ಪು ಕೆಳಗೆ ಬಿಳಿ ಕಾಣ್ಬೇಕಿತ್ತು. ಸಪ್ಲೈನೋರದ್ದು ಕೆಂಪು ಹಸಿರು ಕರ್ಣರೇಖೆಯಲ್ಲಿ ಸೀಳಿರತ್ತೆ. ಸಿಗ್ನಲ್ಸ್‌ದು ಮೇಲೆ ಬಿಳಿ ಕೆಳಗೆ ನೀಲಿ, ಇದೂ ಆರ್ಥೋದಲ್ಲಿ ಪೂರ್ತಿ ಬಿಳಿ ಕಾಣತ್ತೆ, ಆದ್ರೆ ಅವರ ನಂಬರು ಕೆಂಪು, ಅದು ಕಪ್ಪಗೆ ಎದ್ದು ಕಾಣ್ಬೇಕು. ಖಾಲಿ ಚೌಕ ಉಳಿಯೋದು ಇಂಜಿನಿಯರ್ಸ್‌ಗೆ ಮಾತ್ರ. ತಾತ ಸ್ಯಾಪರ್ ಅನ್ನೋ ಮನೆಯವರ ಮಾತು ಲಾರಿಯಿಂದಲೇ ಗಟ್ಟಿಯಾಯ್ತು.

ಅಂದಹಾಗೆ ಇದೇ ಕಾರಣಕ್ಕೆ 5ನೇ ಡಿವಿಷನ್ ಗಾಡಿಗಳು ಎಷ್ಟೋ ಫೋಟೋದಲ್ಲಿ ಗುರುತೇ ಸಿಗಲ್ಲ, ಅವರದ್ದು ಕಪ್ಪು ಚೌಕದಲ್ಲಿ ಕೆಂಪು ಚೆಂಡು, ಆರ್ಥೋದಲ್ಲಿ ಬರೀ ಕಪ್ಪು ಹಲಗೆ.

ವಾರ್ಡ್ರೋಬ್_ಅಕ್ಕ

ನಂಗೆ ಗಾಡಿ ಗೊತ್ತಿಲ್ಲ, ಪದಕ ಮತ್ತು ಸಮವಸ್ತ್ರ ನನ್ನ ಇಷ್ಟದ ವಿಷಯ. ಹೇಮಾವತಿ ಅವರೇ, ರಿಬ್ಬನ್ ಭಾಗ ದೊಡ್ಡದು ಮಾಡಿ ಹಾಕಿದ್ದಕ್ಕೆ ಥ್ಯಾಂಕ್ಸ್. ಆರ್ಥೋ ಅಂತ ತಿಳ್ಕೊಂಡು ನೋಡಿದ್ರೆ ಎರಡೂ ಓದೋಕಾಗತ್ತೆ.

ಮೊದಲನೇದು ಮೂರು ಸಮ ಪಟ್ಟೆ: ನಮ್ಮ ಎಡದಿಂದ ಬೂದು, ಕಪ್ಪು, ಬಹುತೇಕ ಬಿಳಿ. ಅಂದ್ರೆ ಕಡುನೀಲಿ, ಕೆಂಪು, ತಿಳಿನೀಲಿ. 1939-45 ಸ್ಟಾರ್ ಅನ್ನೋ ಯುದ್ಧ ಪದಕದ ರಿಬ್ಬನ್. ಇದನ್ನ ಹಾಕುವಾಗ ಕಡುನೀಲಿ ಎಡಭುಜದಿಂದ ದೂರ ಇರ್ಬೇಕು, ಇಲ್ಲಿ ಹಾಗೇ ಇದೆ, ಅಂದ್ರೆ ಫೋಟೋ ಉಲ್ಟಾ ಪ್ರಿಂಟ್ ಆಗಿಲ್ಲ ಅನ್ನೋದೂ ಖಾತ್ರಿ. ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿರೋ ಫೋಟೋಗಳು ಬೇಕಾದಷ್ಟಿವೆ, ಪದಕ ಬಲಗಡೆ ಎದೆ ಮೇಲೆ ಕಂಡ್ರೆ, ಸ್ಟೇರಿಂಗ್ ಎಡಕ್ಕೆ ಹೋಗಿದ್ರೆ ಮೊದಲು ಅದನ್ನ ಅನುಮಾನ ಪಡ್ಬೇಕು.

ಎರಡನೇದು ನಡುವೆ ಅಗಲವಾದ ಕಪ್ಪು, ಎರಡೂ ಪಕ್ಕ ಬೂದು, ಆ ಬೂದಿನ ಮಧ್ಯೆ ಕೂದಲೆಳೆಯಷ್ಟು ಕಪ್ಪು ಗೆರೆ. ಬರ್ಮಾ ಸ್ಟಾರ್! ನಡುವೆ ಕೆಂಪು, ಪಕ್ಕದಲ್ಲಿ ಕಡುನೀಲಿ, ಅದ್ರ ಮಧ್ಯೆ ಕಿತ್ತಳೆ ಗೆರೆ. ಈ ಪದಕ ಘೋಷಣೆ ಆಗಿದ್ದೇ 1945 ಮೇ ತಿಂಗಳಲ್ಲಿ. ಹಾಗಾಗಿ ಫೋಟೋ ಅದಕ್ಕಿಂತ ಹಿಂದಿನದ್ದಾಗೋಕೆ ಸಾಧ್ಯಾನೇ ಇಲ್ಲ. ನಿಮ್ಮ ತಾತ ಬರ್ಮಾದಲ್ಲಿ ಹೋರಾಡಿದ್ದು ಖಂಡಿತ ನಿಜ, ಆ ರಿಬ್ಬನ್ನೇ ಸಾಕ್ಷಿ. ಆದ್ರೆ ಫೋಟೋ ತೆಗೆದಿದ್ದು ಅದೆಲ್ಲಾ ಮುಗಿಯೋ ಹೊತ್ತಿಗೆ ಅಥವಾ ಮುಗಿದ ಮೇಲೆ.

ಇನ್ನೊಂದು ಕಡೆಯಿಂದ್ಲೂ ಕಟ್ಟಬಹುದು. 1939-45ರ ವಾರ್ ಮೆಡಲ್, ಇಂಡಿಯಾ ಸರ್ವಿಸ್ ಮೆಡಲ್ ಇವೆರಡೂ ಆಮೇಲೆ ಬಂದವು, ಎರಡನೇದು 1946 ಜೂನ್‌ನಲ್ಲಿ. ಅವೆರಡೂ ಇಲ್ಲಿಲ್ಲ. ಇಲ್ಲದೇ ಇರೋದು ಪೂರ್ತಿ ಸಾಕ್ಷಿ ಅಲ್ಲ, ರಿಬ್ಬನ್ ಕೈಗೆ ಸಿಗೋಕೆ ತಡ ಆಗ್ತಿತ್ತು, ಆದ್ರೂ 45ರ ಮಧ್ಯದಿಂದ 46ರ ಮಧ್ಯದೊಳಗೆ ಅಂತ ಇಟ್ಕೊಳ್ಳೋದು ಸರಿ. ಅಂಗಿ ಪ್ಯಾಂಟು ಕಾಡುಹಸಿರು ಬಟ್ಟೆ ಅನ್ಸತ್ತೆ, ಅದು 1943ರಿಂದ ಈಚೆಗೆ ಬಂದಿದ್ದು, 42ರಲ್ಲಿ ಎಲ್ರೂ ಖಾಕಿಲೇ ಇದ್ರು.

ಹೇಮಾವತಿ_ದಂಡೆ

ಇದನ್ನ ಅಮ್ಮನಿಗೆ ಓದಿ ಹೇಳ್ದೆ, ಅವರಿಗೆ ಮಾತೇ ಬರ್ಲಿಲ್ಲ. ತಾತನ ಪದಕಗಳು ಮನೇಲಿ ಇಲ್ಲ, ಕಷ್ಟಕಾಲದಲ್ಲಿ ಎಲ್ಲೋ ಹೋದ್ವು. ಈಗ ಫೋಟೋದಲ್ಲಾದ್ರೂ ಅವು ಯಾವು ಅಂತ ಗೊತ್ತಾಯ್ತು.

ಅಂಗಡಿ ಬೋರ್ಡು ದೊಡ್ಡದು ಮಾಡಿ ನೋಡಿದೆ. ಇಂಗ್ಲಿಷ್ ಅಕ್ಷರ, ಕೊನೆಯ ನಾಲ್ಕು ಮಾತ್ರ ಓದೋಕಾಗತ್ತೆ: ಇ, ಆರ್, ಐ, ಇ. ಇದ್ಯಾವ ಊರು?

ಗಾಡಿ_ಗುರುತು

ಮೇಡಂ, ಇ ಆರ್ ಐ ಇ ಅಂತ ಮುಗಿಯೋ ಬೋರ್ಡು ಅಂದ್ರೆ ಫ್ರೆಂಚ್ ಅಂಗಡಿ. ಬ್ರೆಡ್ ಅಂಗಡಿ, ದಿನಸಿ ಅಂಗಡಿ ಎರಡಕ್ಕೂ ಫ್ರೆಂಚಲ್ಲಿ ಕೊನೆ ಹೀಗೇ ಬರತ್ತೆ.

20ನೇ ಡಿವಿಷನ್, 1945ರ ಮೇ ನಂತರ, ಫ್ರೆಂಚ್ ಬೋರ್ಡು. ಇದು ಸೈಗಾನ್, ಆಗ ಫ್ರೆಂಚರ ಕೈಲಿದ್ದ ವಿಯೆಟ್ನಾಂ ಊರು!

ಜಪಾನ್ ಶರಣಾದ ಮೇಲೆ ಇಂಡೋಚೀನಾದಲ್ಲಿ 16ನೇ ಅಕ್ಷಾಂಶದ ಕೆಳಗಿದ್ದ ಜಪಾನೀ ಸೈನ್ಯದ ಆಯುಧ ಇಳಿಸಿಕೊಳ್ಳೋ ಕೆಲಸ ಬ್ರಿಟಿಷರ ಪಾಲಿಗೆ ಬಂತು. ಅದಕ್ಕೆ ಕಳಿಸಿದ್ದು ಗ್ರೇಸಿಯ ಇದೇ 20ನೇ ಡಿವಿಷನ್ನನ್ನ. 1945 ಸೆಪ್ಟೆಂಬರ್‌ನಿಂದ ಇಳೀತಾ ಹೋದ್ರು, 46 ಜನವರಿ ಕೊನೆಗೆ ಗ್ರೇಸಿ ಅಲ್ಲಿಂದ ಹೊರಟ್ರು, ಡಿವಿಷನ್ನಿನ ಬಹುಪಾಲು ಜನ ಅದ್ರ ಆಸುಪಾಸಲ್ಲೇ ವಾಪಸ್. ಬಾಲ್ಕನಿ ಇರೋ ಮನೆ, ಕಬ್ಬಿಣದ ಕಂಬಿ, ಮರದ ಪಟ್ಟಿ ಬಾಗಿಲು, ಎಲ್ಲಾ ಸರಿಹೋಗತ್ತೆ.

ಪ್ರಶ್ನೆ_ಕೇಳ್ತೀನಿ

ಒಂದು ಅನುಮಾನ. ಫ್ರೆಂಚ್ ಬೋರ್ಡು, ಬಾಲ್ಕನಿ ಅಂದ್ರೆ ಪಾಂಡಿಚೇರಿನೂ ಆಗ್ಬಹುದಲ್ವಾ? ಸ್ಯಾಪರ್ಸ್ ಬೆಂಗಳೂರಿನೋರು, ರಜಾದಲ್ಲಿ ಹೋಗಿರ್ಬಹುದು. ಇಷ್ಟು ಬೇಗ ಸೈಗಾನ್ ಅಂತ ತೀರ್ಮಾನ ಮಾಡ್ಬಾರ್ದು ಅಂತ ನನ್ನ ಅಭಿಪ್ರಾಯ, ಆಮೇಲೆ ಅದೇ ಪುಸ್ತಕದಲ್ಲಿ ಅಚ್ಚಾಗಿ ಉಳಿಯತ್ತೆ.

ವಾರ್ಡ್ರೋಬ್_ಅಕ್ಕ

ಒಳ್ಳೇ ಪ್ರಶ್ನೆ, ಇದನ್ನ ಕೇಳ್ಲೇಬೇಕಿತ್ತು. ಉತ್ತರ ಬಲಗಡೆ ಅಂಚಿನಲ್ಲಿದೆ. ಅರ್ಧ ಕತ್ತರಿಸಿ ಹೋಗಿರೋ ಮನುಷ್ಯನ ಟೋಪಿ ನೋಡಿ. ಮೆತ್ತನೆ ಬಟ್ಟೆ ಟೋಪಿ, ಮುಂದೆ ಚಿಕ್ಕ ಮೊನೆ, ಹಣೆ ಮೇಲೆ ಸಣ್ಣ ನಕ್ಷತ್ರ, ಹಿಂದೆ ಕತ್ತಿನ ಮೇಲೆ ಬಟ್ಟೆ ತುಂಡುಗಳು ಇಳಿಬಿದ್ದಿವೆ. ಅದು ಜಪಾನೀ ಸೈನಿಕನ ಟೋಪಿ. ಪಾಂಡಿಚೇರಿಯಲ್ಲಿ ಜಪಾನೀ ಸೈನಿಕ ಬೀದೀಲಿ ಹಾಗೆ ನಿಂತಿರೋಕೆ ಸಾಧ್ಯ ಇಲ್ಲ. ಸೈಗಾನಲ್ಲಿ ಇದ್ರು, ಅದೂ ಸೆರೆಯಲ್ಲಲ್ಲ, ಸೈನ್ಯ ಸಾಲದೆ ಹೋದಾಗ ಶರಣಾದ ಜಪಾನೀಯರನ್ನೇ ಕಾವಲಿಗೆ, ಸಾಮಾನು ಸಾಗಿಸೋಕೆ, ಕೆಲವು ಕಡೆ ವಿಯೆಟ್ನಾಮೀಯರ ಮೇಲೆ ಹೋರಾಡೋಕೂ ಗ್ರೇಸಿ ಬಳಸ್ಕೊಂಡ್ರು. ಕೆಲವು ತಿಂಗಳ ಹಿಂದೆ ಐರಾವತಿ ದಡದಲ್ಲಿ ಗುಂಡು ಹಾರಿಸಿದೋರು ಈಗ ಒಂದೇ ಬೀದೀಲಿ ನಿಂತಿದಾರೆ. ನಂಗೆ ಈ ಫೋಟೋದಲ್ಲಿ ಬಹಳ ಕಾಡಿದ್ದು ಆ ಟೋಪಿನೇ.

ಹೇಮಾವತಿ_ದಂಡೆ

ನಿಮಗೆಲ್ಲಾ ಒಂದು ವಿಷಯ ಹೇಳ್ಬೇಕು. ಪಾಂಡಿಚೇರಿ ಮಾತು ಓದಿದ ತಕ್ಷಣ ಅಮ್ಮ ಅಂದ್ರು, ತಾತ ಯಾವಾಗ್ಲೋ ಫ್ರೆಂಚರ ಊರಲ್ಲಿ ಇದ್ವಿ, ಅಲ್ಲಿ ಉದ್ದುದ್ದ ಬ್ರೆಡ್ ತಿಂತಿದ್ವಿ ಅಂತ ಹೇಳ್ತಿದ್ರಂತೆ. ಮನೇಲಿ ಎಲ್ರೂ ಅದನ್ನ ಪಾಂಡಿಚೇರಿ ಅಂತಾನೇ ಅಂದ್ಕೊಂಡಿದ್ರು. ಸೈಗಾನ್ ಅನ್ನೋ ಹೆಸ್ರು ನಮ್ಮ ಮನೇಲಿ ಯಾರ ಬಾಯಲ್ಲೂ ಬಂದಿರ್ಲಿಲ್ಲ. ಎಲ್ರಿಗೂ ಕೈಮುಗೀತೀನಿ.

ಗಡಿನಾಡ_ಬೆಳಗಾವಿ

ನಮಸ್ಕಾರ್ರಿ ಎಲ್ಲಾರಿಗೂ. ಇದನ್ನೆಲ್ಲಾ ಓದಿ ನಮ್ಮ ಅಜ್ಜಾರ ಫೋಟೋನೂ ಹಾಕಾಕತ್ತೀನಿ. ಅವ್ರು ಮರಾಠಾ ಲೈಟ್ ಇನ್‌ಫೆಂಟ್ರಿ, 1ನೇ ಬಟಾಲಿಯನ್. ನಮ್ಮ ಕಾಕಾ ಅಂತಾನ ಇದು ಆಫ್ರಿಕಾದಾಗ ತಗ್ಸಿದ್ದು. ಆದ್ರ ಉಣ್ಣಿ ಬಟ್ಟಿ ಹಾಕ್ಯಾರ, ಜಾಕೀಟು ಸೊಂಟದ ತನಕಾ ಅಷ್ಟ ಐತಿ, ತೋಳ ಮ್ಯಾಲ ಮೂರು ಎಲಿ ಹೂವಿನಂಥಾದ್ದು ಐತಿ. ಹಿಂದ ಕಲ್ಲಿನ ಗ್ವಾಡಿ, ಗುಡ್ಡ. ಏನ್ ಅನ್ನಸ್ತೈತ್ರಿ?

ಗಾಡಿ_ಗುರುತು

ಅಜ್ಜಾರಿಗೆ ನಮಸ್ಕಾರ ಸರ್. ಮೂರು ಹಳದಿ ಕ್ಲೋವರ್ ಎಲೆ, ಕೆಂಪು ಹಿನ್ನೆಲೆ, ಅದು 8ನೇ ಇಂಡಿಯನ್ ಡಿವಿಷನ್, ಮರಾಠಾ 1ನೇ ಬಟಾಲಿಯನ್ ಅದ್ರಲ್ಲೇ ಇತ್ತು. ಇಟಲಿ ಸರ್ ಇದು. 1943 ಸೆಪ್ಟೆಂಬರ್‌ನಲ್ಲಿ ಡಿವಿಷನ್ ತಾರಾಂತೋ ಬಂದರಿನಲ್ಲಿ ಇಳೀತು, 45ರವರೆಗೂ ಅಲ್ಲೇ ಇತ್ತು. ಸಿಪಾಯಿ ನಾಮದೇವ ಜಾಧವರಿಗೆ 1945 ಏಪ್ರಿಲ್ 9ರಂದು ಸೆನಿಯೋ ನದಿ ದಾಟುವಾಗ ತೋರಿಸಿದ ಸಾಹಸಕ್ಕೆ ವಿಕ್ಟೋರಿಯಾ ಕ್ರಾಸ್ ಬಂತಲ್ಲ, ಅವರೂ ಇದೇ ಬಟಾಲಿಯನ್. ಆ ಉಣ್ಣೆ ಬಟ್ಟೆ ಬ್ಯಾಟಲ್‌ಡ್ರೆಸ್, ಇಟಲಿಯ ಚಳಿಗಾಲದ ಫೋಟೋ ಅಂತ ತಿಳ್ಕೊಳ್ಳಬಹುದು, ಅಂದ್ರೆ 43-44ರ ಚಳಿ ಅಥವಾ 44-45ರ ಚಳಿ. ಕ್ಲೋವರ್ ಹಿನ್ನೆಲೆಗಿಂತ ತಿಳಿಯಾಗಿ ಎದ್ದು ಕಾಣ್ತಿರೋದ್ರಿಂದ ಇದು ಪ್ಯಾನ್ ಫಿಲಂ ಇರ್ಬೇಕು, ಡಾರ್ಕ್‌ರೂಮ್ ಸರ್ ಹೇಳ್ಲಿ.

ಡಾರ್ಕ್_ರೂಮ್

ಹೌದು, ಪ್ಯಾನ್. ಆರ್ಥೋ ಆಗಿದ್ರೆ ಹಳದಿನೂ ಮಬ್ಬಾಗಿ, ಎಲೆ ಇಷ್ಟು ತಿಳಿಯಾಗಿ ಎದ್ದು ಕಾಣ್ತಿರ್ಲಿಲ್ಲ.

ಮಡಿಕೇರಿ_ಮಳೆ

ನಂದೂ ಒಂದು. ಅಜ್ಜಯ್ಯ ಚಿಕ್ಕ ಟ್ಯಾಂಕ್ ಪಕ್ಕ ನಿಂತಿದಾರೆ, ಸ್ಟುವರ್ಟ್ ಟ್ಯಾಂಕ್ ಅಂತ ನಾನೇ ಗುರುತು ಹಿಡಿದೆ. ಕುಟುಂಬದಲ್ಲಿ ಇದನ್ನ ಎರಡನೇ ಮಹಾಯುದ್ಧ, ಇಂಫಾಲ್ ಅಂತಾನೇ ಹೇಳ್ಕೊಂಡು ಬಂದಿದಾರೆ. 7ನೇ ಕ್ಯಾವಲ್ರಿ ಅನ್ನೋ ಟ್ಯಾಂಕ್ ದಳ ಅಲ್ಲಿ ಸ್ಟುವರ್ಟ್ ಬಳಸಿದ್ದು ನಿಜ ಅಲ್ವಾ?

ಮಲ್ಲೇಶ್ವರಂ_8ನೇಕ್ರಾಸ್

ನಿಜ, ಆದ್ರೆ ನೆಲ ನೋಡಿ ಸರ್, ಹಿಮ! ಇಂಫಾಲಲ್ಲಿ ಕೆಸರು ಸಿಗತ್ತೆ, ಹಿಮ ಎಲ್ಲಿಂದ ಬರ್ಬೇಕು. ಇದೇ 7ನೇ ಕ್ಯಾವಲ್ರಿ ಇದೇ ಸ್ಟುವರ್ಟ್‌ಗಳನ್ನ 1948 ನವೆಂಬರ್ 1ಕ್ಕೆ ಕಾಶ್ಮೀರ ಯುದ್ಧದಲ್ಲಿ ಜೋಜಿ ಲಾ ಅನ್ನೋ ಬೆಟ್ಟದ ದಾರಿ ಮೇಲೆ ಹತ್ತಿಸ್ತು, ನಿಮ್ಮ ಕೊಡಗಿನವರೇ ಆದ ತಿಮ್ಮಯ್ಯನವರು ಆಗ ಅಲ್ಲಿ ಡಿವಿಷನ್ ಕಮಾಂಡರ್. ಗುಟ್ಟಾಗಿ ಇರ್ಲಿ ಅಂತ ಜಮ್ಮುವಿನಿಂದ ಟರೆಟ್ (ಟ್ಯಾಂಕಿನ ಮೇಲಿನ ತೋಪಿನ ಗೂಡು) ಬಿಚ್ಚಿ, ಮುಚ್ಚಿಕೊಂಡು ಸಾಗಿಸಿದ್ರು. ಬಾಲ್ಟಾಲ್‌ನಿಂದ ಮೇಲಕ್ಕೆ ಹೇಸರಗತ್ತೆ ಹೋಗೋ ದಾರಿಯನ್ನ ಟ್ಯಾಂಕ್ ಹೋಗೋ ಹಾಗೆ ಅಗಲ ಮಾಡಿದ್ದು ಮತ್ತೆ ನಮ್ಮ ಮದ್ರಾಸ್ ಸ್ಯಾಪರ್‌ಗಳೇ. ಅಜ್ಜಯ್ಯ ಎರಡೂ ಯುದ್ಧ ಕಂಡವರಿರಬಹುದು, ಫೋಟೋ ಮಾತ್ರ ಕಾಶ್ಮೀರದ್ದು.

ವಾರ್ಡ್ರೋಬ್_ಅಕ್ಕ

ಇದಕ್ಕೆ ಸೇರಿಸ್ತೀನಿ, ಸ್ವಾತಂತ್ರ್ಯದ ಆಸುಪಾಸಿನ ಫೋಟೋಗೆ ಬಹಳ ಸುಲಭದ ಗುರುತು ಕಿರೀಟ. ಟೋಪಿ ಬ್ಯಾಡ್ಜ್, ಮೇಜರ್ ಭುಜದ ಚಿಹ್ನೆ ಇಲ್ಲೆಲ್ಲಾ ರಾಜನ ಕಿರೀಟ ಇದ್ರೆ 1950 ಜನವರಿ 26ಕ್ಕಿಂತ ಮುಂಚೆ, ಅಶೋಕ ಸಿಂಹ ಇದ್ರೆ ಆಮೇಲೆ. 47 ಆಗಸ್ಟ್‌ಗೇ ಎಲ್ಲಾ ಬದಲಾಯ್ತು ಅಂತ ತುಂಬಾ ಜನ ತಿಳ್ಕೊಂಡಿದಾರೆ, ಹಾಗಲ್ಲ, ಕಾಶ್ಮೀರದಲ್ಲಿ ಹೋರಾಡಿದ ನಮ್ಮ ಆಫೀಸರ್‌ಗಳ ಭುಜದ ಮೇಲೂ ಕಿರೀಟಾನೇ ಇತ್ತು.

ಮೈಸೂರು ಕಡೆಯವರಿಗೆ ಇನ್ನೊಂದು. ಬ್ಯಾಡ್ಜಲ್ಲಿ ಗಂಡಭೇರುಂಡ ಕಂಡ್ರೆ ಮೈಸೂರು ಸಂಸ್ಥಾನದ ಪಡೆ. ಕುದುರೆ, ಭರ್ಜಿ, ಎದೆಗೆ ಅಡ್ಡವಾಗಿ ಚರ್ಮದ ಗುಂಡಿನ ಪಟ್ಟಿ, ಮೊಣಕಾಲವರೆಗೂ ಸುತ್ತಿದ ಪಟ್ಟಿಬಟ್ಟೆ ಇದ್ರೆ ಮೊದಲನೇ ಮಹಾಯುದ್ಧದ ಮೈಸೂರು ಲ್ಯಾನ್ಸರ್ಸ್, 1914ರ ಕೊನೆಗೆ ಈಜಿಪ್ಟಿಗೆ ಹೋದೋರು, 1918 ಸೆಪ್ಟೆಂಬರ್ 23ಕ್ಕೆ ಜೋಧಪುರದವರ ಜೊತೆ ಈಗಿನ ಇಸ್ರೇಲಿನ ಹೈಫಾ ಹಿಡಿದೋರು. ಅದೇ ಗಂಡಭೇರುಂಡ ಇದ್ದು, ಚಡ್ಡಿ, ಕ್ಯಾನ್ವಾಸ್ ಪಟ್ಟಿ, ತೆಂಗಿನ ತೋಟದಂಥಾ ಹಿನ್ನೆಲೆ ಇದ್ರೆ ಮೈಸೂರು ಇನ್‌ಫೆಂಟ್ರಿಯ 1ನೇ ಬಟಾಲಿಯನ್ ಇರ್ಬಹುದು. ಅವರು ಸಿಂಗಪುರದಲ್ಲಿ 1942 ಫೆಬ್ರವರಿ 15ಕ್ಕೆ ಸೆರೆಯಾದ್ರು, ಹಾಗಾಗಿ ಮಲಯಾ ಕಡೆ ತೆಗೆಸಿದ ಅಂಥಾ ಫೋಟೋ ಇದ್ರೆ ಆ ದಿನಕ್ಕಿಂತ ಮುಂಚಿನದ್ದು. ದಯವಿಟ್ಟು ಅಂಥವು ಮನೇಲಿದ್ರೆ ಜೋಪಾನ ಮಾಡಿ, ಬಹಳ ಕಮ್ಮಿ ಉಳಿದಿವೆ.

ವಿಮಾನಪುರ

ವಿಮಾನದ ಫೋಟೋಗೂ ಇದೇ ಲೆಕ್ಕ ಓಡತ್ತೆ. ನಮ್ಮ ತಾತ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ಫಿಟ್ಟರ್. 1940 ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಶುರು ಮಾಡಿದ ಫ್ಯಾಕ್ಟರಿ, 1943ರಲ್ಲಿ ಅಮೆರಿಕನ್ ವಾಯುಪಡೆ ಕೈಗೆ ಹೋಯ್ತು, ಅವರ ವಿಮಾನಗಳ ರಿಪೇರಿ ಎಲ್ಲಾ ಇಲ್ಲೇ. ಕ್ಯಾಟಲಿನಾ ನೀರುವಿಮಾನಗಳು ಬೆಳ್ಳಂದೂರು ಕೆರೇಲಿ ಇಳೀತಿದ್ವು ಅಂದ್ರೆ ಈಗಿನವರು ನಂಬಲ್ಲ. ಅಮೆರಿಕನ್ ವಿಮಾನದ ಮೇಲಿನ ನಕ್ಷತ್ರದ ನಡುವೆ ಕೆಂಪು ಚುಕ್ಕೆ ಇದ್ರೆ 1942ರ ಮೇಗಿಂತ ಮುಂಚಿನ ಬಣ್ಣ, ಜಪಾನಿನ ಕೆಂಪು ಸೂರ್ಯ ಅಂತ ತಪ್ಪು ತಿಳೀಬಾರ್ದು ಅಂತ ಅದನ್ನ ತೆಗೆದ್ರು. ನಕ್ಷತ್ರದ ಎರಡೂ ಪಕ್ಕ ಬಿಳೀ ಪಟ್ಟಿ ಬಂದಿದ್ದು 1943 ಜೂನ್ ಕೊನೆಗೆ, ಆಗ ಸುತ್ತಲೂ ಕೆಂಪು ಅಂಚು ಇತ್ತು, ಕೆಲವೇ ತಿಂಗಳಲ್ಲಿ ಅದನ್ನೂ ನೀಲಿ ಮಾಡಿದ್ರು. ಇದೇ ಹೆದರಿಕೆಗೆ ಈ ಭಾಗದ ಬ್ರಿಟಿಷ್, ಭಾರತೀಯ ವಿಮಾನಗಳ ಮೇಲಿನ ವೃತ್ತದ ಗುರುತಿನಿಂದಲೂ ಕೆಂಪು ಮಾಯ ಆಯ್ತು, ಆಮೇಲೆ ಬರೀ ಕಡುನೀಲಿ ತಿಳಿನೀಲಿ. ನಮ್ಮನೆ ಫೋಟೋದಲ್ಲಿ ಪಕ್ಕದ ಪಟ್ಟಿ ಇದೆ, ಹಾಗಾಗಿ 43ರ ಮಧ್ಯದಿಂದ ಈಚೆಗಿನದ್ದು.

ಪ್ರಶ್ನೆ_ಕೇಳ್ತೀನಿ

ಹೇಮಾವತಿ ಅವರ ಫೋಟೋನ ಒಂದು ಎಐ ಆ್ಯಪಲ್ಲಿ ಹಾಕಿ ಕಲರ್ ಮಾಡಿ, ಶಾರ್ಪ್ ಮಾಡಿ ಕೊಡ್ಲಾ? ಪುಸ್ತಕದಲ್ಲಿ ಚೆನ್ನಾಗಿ ಕಾಣತ್ತೆ.

ಡಾರ್ಕ್_ರೂಮ್

ದಯವಿಟ್ಟು ಬೇಡ, ಇದನ್ನ ಕಳಕಳಿಯಿಂದ ಹೇಳ್ತಿದೀನಿ. ಆ ಆ್ಯಪ್‌ಗೆ ಇದು ಆರ್ಥೋ ಫಿಲಂ ಅಂತ ಗೊತ್ತಾಗಲ್ಲ. ಬಿಳಿ ಕಂಡಿದ್ದಕ್ಕೆ ಬಿಳಿನೇ ಹಚ್ಚತ್ತೆ, ಬರ್ಮಾ ಸ್ಟಾರ್‌ನ ತಂದು ಯಾವುದೋ ಕಂದು ಪಟ್ಟಿ ಮಾಡತ್ತೆ. ಶಾರ್ಪ್ ಮಾಡೋದು ಇನ್ನೂ ಕೆಟ್ಟದ್ದು, ಮಸುಕಾದ ಬ್ಯಾಡ್ಜ್ ಜಾಗದಲ್ಲಿ ತನಗೆ ತೋಚಿದ ಚಿತ್ರ ಬಿಡಿಸಿಬಿಡತ್ತೆ, ಮುಖಾನೂ ಬದಲಾಯಿಸತ್ತೆ. ಇಷ್ಟು ಹೊತ್ತು ನಾವೆಲ್ಲಾ ಓದಿದ್ದು ಆ ಬೂದು ಬಣ್ಣಗಳನ್ನೇ, ಅವನ್ನೇ ಅಳಿಸಿದ್ರೆ ಮುಂದೆ ನೋಡೋರಿಗೆ ಏನೂ ಸಿಗಲ್ಲ. ಪುಸ್ತಕಕ್ಕೆ ಮೂಲ ಸ್ಕ್ಯಾನ್ ಹಾಗೇ ಹಾಕಿ, ಬೇಕಾದ್ರೆ ರಿಬ್ಬನ್ ಬಣ್ಣವನ್ನ ಕೆಳಗೆ ಮಾತಲ್ಲಿ ಬರೀರಿ.

ಹಿಂದಿನ ಪೆನ್ಸಿಲ್ ಬರಹಾನೂ ಅಳಿಸ್ಬೇಡಿ. ಅದು ದೊಡ್ಡಮಾವನ ಅಕ್ಷರ, ಅದೂ ಮನೆಯ ದಾಖಲೆನೇ. ಹೊಸ ವಿವರ ಬೇರೆ ಹಾಳೇಲಿ ಬರ್ದು ಫೋಟೋ ಜೊತೆ ಒಂದೇ ಲಕೋಟೇಲಿಡಿ, ಅಂಟಿಸ್ಬೇಡಿ, ಬಾಲ್ ಪೆನ್ ಫೋಟೋ ಹತ್ರಾನೂ ತರ್ಬೇಡಿ.

ಹೇಮಾವತಿ_ದಂಡೆ

ಆಯ್ತು ಸರ್, ಹಾಗೇ ಮಾಡ್ತೀನಿ. ಪುಸ್ತಕದಲ್ಲಿ ಹೀಗೆ ಬರೆಯೋಣ ಅಂತಿದೀನಿ: ಸೈಗಾನ್, 1945 ಸೆಪ್ಟೆಂಬರ್‌ನಿಂದ 1946ರ ಆರಂಭದ ನಡುವೆ, 20ನೇ ಇಂಡಿಯನ್ ಡಿವಿಷನ್ನಿನ ಸ್ಯಾಪರ್ಸ್ ಲಾರಿಯ ಮುಂದೆ. ಹೇಗೆ ಗೊತ್ತಾಯ್ತು ಅಂತಾನೂ ನಾಲ್ಕು ಸಾಲು. ಸರಿನಾ? ಯಾವ ಕಂಪನಿ ಅಂತ ತಿಳ್ಕೊಳ್ಳೋಕೆ ಇನ್ನೇನಾದ್ರೂ ದಾರಿ ಇದೆಯಾ?

ಗಾಡಿ_ಗುರುತು

ಸರಿಯಾಗಿದೆ ಮೇಡಂ, ನಡುವೆ ಅಂತ ಬರ್ದಿರೋದೇ ಸರಿ, ಒಂದೇ ತಿಂಗಳು ಹೇಳೋಷ್ಟು ಸಾಕ್ಷಿ ಫೋಟೋದಲ್ಲಿಲ್ಲ.

ಕಂಪನಿ ಹೇಳೋದು ಆ ನೀಲಿ ಚೌಕದೊಳಗಿನ ನಂಬರು. ಡಿವಿಷನ್ನಿನ ಒಂದೊಂದು ಯೂನಿಟ್ಟಿಗೂ ಬೇರೆ ಬೇರೆ ನಂಬರು ಕೊಡ್ತಿದ್ರು, ಹಾಗಾಗಿ ಅದು ಓದೋಕೆ ಬಂದ್ರೆ ಡಿವಿಷನ್ನಿನ ಸ್ಯಾಪರ್ ಕಂಪನಿಗಳಲ್ಲಿ ಇದು ಯಾವುದು ಅಂತ ಕಿರಿದಾಗತ್ತೆ. ಕಣ್ಣಿಗೆ ಮುಳುಗಿದೆ ನಿಜ, ಆದ್ರೆ ನೀಲಿ ಮತ್ತು ಬಿಳಿ ಆರ್ಥೋದಲ್ಲೂ ಪೂರ್ತಿ ಒಂದೇ ಆಗಲ್ಲ, ಕೂದಲೆಳೆ ವ್ಯತ್ಯಾಸ ಉಳಿದಿರತ್ತೆ. ಸ್ಕ್ಯಾನ್ ಮಾಡೋರ ಹತ್ರ ಜೆಪೆಗ್ ಬೇಡ, 16 ಬಿಟ್ ಟಿಫ್ ಫೈಲ್ ಕೇಳಿ. ಅದ್ರಲ್ಲಿ ಚೌಕದಷ್ಟೇ ಭಾಗ ತಗೊಂಡು ಬರೀ ಬಿಳಿಯ ಕಡೆಯ ಕಾಂಟ್ರಾಸ್ಟ್ ಎಳೆದು ನೋಡೋಣ, ಇದು ಇಲ್ಲದ್ದನ್ನ ಸೇರಿಸಲ್ಲ, ಇರೋದನ್ನ ಹಿಗ್ಗಿಸತ್ತೆ ಅಷ್ಟೇ. ಪ್ರಿಂಟನ್ನ ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲೂ ಒಮ್ಮೆ ನೋಡಿ. ಬಾನೆಟ್ ಪಕ್ಕದಲ್ಲಿ ಎಲ್ ಅಕ್ಷರದಿಂದ ಶುರುವಾಗೋ ಉದ್ದ ನಂಬರು ಕಂಡ್ರೆ ಅದೂ ಬರ್ಕೊಳ್ಳಿ, ಎಲ್ ಅಂದ್ರೆ ಲಾರಿ, ಅದು ಆ ಗಾಡಿಯದೇ ಸ್ವಂತ ನಂಬರು. ತಾತನ ಡಿಸ್ಚಾರ್ಜ್ ಕಾಗದ ಎಲ್ಲಾದ್ರೂ ಟ್ರಂಕಲ್ಲಿ ಸಿಕ್ಕಿದ್ರೆ ಅದ್ರಲ್ಲಿರೋ ಆರ್ಮಿ ನಂಬರ್ ಹಿಡ್ಕೊಂಡು ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪಿಗೆ ಒಂದು ಪತ್ರ ಬರೀರಿ, ಜೊತೆಗೆ ಫೋಟೋದ ಒಂದು ಒಳ್ಳೇ ಪ್ರತಿ ಇಡಿ. ಟಿಫ್ ಬಂದ ಮೇಲೆ ಇಲ್ಲೇ ಹಾಕಿ, ನಾನೂ ಡಾರ್ಕ್‌ರೂಮ್ ಸರ್ ಸೇರಿ ನಂಬರ್ ಓದೋಕೆ ಕೂರ್ತೀವಿ.